ಹೆಲ್ಮೆಟ್ಟಿನ ಮೇಲೆ ಎರಡು ಚುಕ್ಕಿ

"ಮೇಜು ಅಲ್ಲಾಡಿಸ್ಬೇಡ," ಎಂದಳು ಸಾಸಿವೆ, ತುಟಿ ಕೂಡ ಅಲುಗದ ಹಾಗೆ.

ಅಣ್ಣ ಮೇಜಿನಿಂದ ಮೊಣಕೈ ತೆಗೆದ. "ನಾನೆಲ್ಲಿ ಅಲ್ಲಾಡಿಸ್ದೆ? ನಿನ್ನ ಕೈಯೇ ನಡುಗ್ತಿರ್ಬೇಕು."

"ನನ್ನ ಕೈ ನಡುಗಲ್ಲ."

ಅದು ಜಂಬದ ಮಾತಲ್ಲ, ನಿಜದ ಮಾತು. ಅವಳ ಎಡಗೈಯಲ್ಲಿ ಹೆಬ್ಬೆರಳಷ್ಟೇ ಎತ್ತರದ ಪ್ಲಾಸ್ಟಿಕ್ ಬೊಂಬೆ, ಬಲಗೈಯಲ್ಲಿ ನಾಲ್ಕೇ ಕೂದಲು ಉಳಿದಿದ್ದ ಬ್ರಷ್ಷು. ಬಾಹ್ಯಾಕಾಶದಲ್ಲಿ ಯುದ್ಧ ಮಾಡುವ ಸೈನ್ಯದ ಮೆಕ್ಯಾನಿಕ್ ಬೊಂಬೆ ಅದು. ಬೆನ್ನಿಗೆ ಆಕ್ಸಿಜನ್ ಸಿಲಿಂಡರ್, ಸೊಂಟಕ್ಕೆ ಸ್ಪ್ಯಾನರ್, ತಲೆಗೆ ಗಾಜಿನ ಹೆಲ್ಮೆಟ್ಟು. ಆ ಗಾಜು ಅಕ್ಕಿಕಾಳಿಗಿಂತ ದೊಡ್ಡದಿರಲಿಲ್ಲ. ಅದರ ಮೇಲ್ಭಾಗಕ್ಕೆ ಕಡುನೀಲಿ, ಕೆಳಗೆ ಬರಬರುತ್ತಾ ತಿಳಿನೀಲಿ ಹಚ್ಚಿ ಆಗಿತ್ತು. ಈಗ ಸಾಸಿವೆ ಉಸಿರು ಬಿಗಿಹಿಡಿದು ಮೇಲಿನ ಮೂಲೆಯಲ್ಲಿ ಒಂದು ಬಿಳಿ ಚುಕ್ಕಿ ಇಟ್ಟಳು. ಪಕ್ಕದಲ್ಲೇ ಇನ್ನೊಂದು, ಮೊದಲನೆಯದಕ್ಕಿಂತ ಚಿಕ್ಕದು.

ಬರೀ ಬಣ್ಣವಾಗಿದ್ದದ್ದು ಗಾಜಾಯಿತು. ಒಳಗೆ ಯಾರೋ ಕೂತು ಹೊರಗೆ ನೋಡುತ್ತಿದ್ದಾರೆ ಅನ್ನಿಸುವಷ್ಟು ನಿಜವಾದ ಗಾಜು.

"ಅಷ್ಟು ಸಣ್ಣದನ್ನ ಯಾರು ನೋಡ್ತಾರೆ?" ಎಂದ ಅಣ್ಣ.

"ನಾನು ನೋಡ್ತೀನಿ."

ಸಾಸಿವೆ ಅವಳ ನಿಜವಾದ ಹೆಸರಲ್ಲ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಕ್ಲಾಸಿನ ಸಾಲಿನಲ್ಲೂ ಎಲ್ಲರಿಗಿಂತ ಮುಂದೆ ನಿಲ್ಲುವವಳು. ಹಾಗಾಗಿ ಸಾಸಿವೆ. ಅಣ್ಣ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು, ಮಾತಿನಲ್ಲಿ ಮಾತ್ರ ಹತ್ತು ವರ್ಷ ದೊಡ್ಡವನು.

ಭಾನುವಾರ ಬಂತೆಂದರೆ ಅಣ್ಣ ಬಸ್ ಸ್ಟಾಪಿನ ಹಿಂದಿನ ಆಟದ ಅಂಗಡಿಗೆ ಓಡುತ್ತಿದ್ದ. ಅಲ್ಲೊಂದು ಕ್ಲಬ್ಬು. ದೊಡ್ಡ ಮೇಜಿನ ಮೇಲೆ ರಟ್ಟಿನ ಗುಡ್ಡ, ಥರ್ಮೋಕೋಲಿನ ಹಳ್ಳ. ಹುಡುಗರು ಡೈಸ್ ಉರುಳಿಸಿ ತಮ್ಮ ತಮ್ಮ ಸೈನ್ಯವನ್ನು ಗೇಣು ಗೇಣಾಗಿ ಮುಂದಕ್ಕೆ ನಡೆಸುತ್ತಿದ್ದರು. ಬಣ್ಣವಿಲ್ಲದ ಬೂದು ಬೊಂಬೆ ಅಲ್ಲಿ ಯುದ್ಧಕ್ಕಿಳಿಯುವಂತಿಲ್ಲ. ಅವರವರ ಸೈನ್ಯಕ್ಕೆ ಅವರವರೇ ಬಣ್ಣ ಹಚ್ಚಬೇಕು. ಅದು ಕ್ಲಬ್ಬಿನ ಕಟ್ಟುನಿಟ್ಟಾದ ರೂಲ್ಸು.

ಅಣ್ಣನಿಗೂ ತಾಳ್ಮೆಗೂ ಎಣ್ಣೆ ಸೀಗೆಕಾಯಿ. ಅವನು ಬಣ್ಣ ಹಚ್ಚಿದ ಮೊದಲ ಯೋಧ ಕೆಸರಲ್ಲಿ ಬಿದ್ದೆದ್ದು ಬಂದವನ ಹಾಗಿದ್ದ. ಸಾಸಿವೆ ಅಣ್ಣ ಇಲ್ಲದಾಗ ಅದನ್ನು ತೊಳೆದು ಹೊಸದಾಗಿ ಬಣ್ಣ ಹಚ್ಚಿಟ್ಟಳು. ಬೈಯುತ್ತಾನೆ ಅಂದುಕೊಂಡಿದ್ದಳು. ಅವನು ಬೈಯಲಿಲ್ಲ, ಮರುದಿನ ಇನ್ನೂ ಒಂದು ಹಿಡಿ ಬೊಂಬೆ ತಂದಿಟ್ಟ.

"ಯಾರಿಗೂ ಹೇಳ್ಬೇಡ, ಆಯ್ತಾ? ಇದು ನಮ್ಮಿಬ್ರ ಸೀಕ್ರೆಟ್."

ತನ್ನ ರೂಮಿಗೆ ಕಾಲಿಡಲೂ ಬಿಡದಿದ್ದ ಅಣ್ಣ ಈಗ ತಾನೇ ಕರೆದು ಕುರ್ಚಿ ಹಾಕಿಕೊಡುತ್ತಾನೆ, ತಂಗಿಯೊಡನೆ ಒಂದು ಸೀಕ್ರೆಟ್ ಬೇರೆ ಇಟ್ಟುಕೊಂಡಿದ್ದಾನೆ ಅಂದರೆ ಸಾಸಿವೆಗೆ ಹಿಗ್ಗೋ ಹಿಗ್ಗು. ಹೋಂವರ್ಕ್ ಮುಗಿಸಿ ದಿನಾ ಕೂತಳು. ಬಾಗಿಲು ಹಾಕಿಕೊಂಡು ಅಣ್ಣ ತಂಗಿ ಜಗಳವಿಲ್ಲದೆ ಕೂತದ್ದು ಕಂಡು ಅಮ್ಮನಿಗೂ ಸಮಾಧಾನ. ಅಣ್ಣ ಕಲಿಸುತ್ತಿದ್ದಾನೆ ಅಂದುಕೊಂಡಿದ್ದಳು ಅಮ್ಮ.

ಇಡೀ ಸೈನ್ಯಕ್ಕೆ ಬಣ್ಣ ಹಚ್ಚಿ ಮುಗಿಯಿತು. ಕ್ಲಬ್ಬಿನಲ್ಲಿ ಅಣ್ಣನಿಗೆ 'ಮಾಸ್ಟರ್' ಎಂದು ಹೆಸರು ಬಿತ್ತು. ಅವನ ಒಬ್ಬ ಯೋಧ ಅಂಗಡಿಯ ಬಾಗಿಲ ಬಳಿಯ ಗಾಜಿನ ಕಪಾಟು ಸೇರಿದ, ಕೆಳಗೆ ಅಣ್ಣನ ಹೆಸರಿನ ಚೀಟಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಈ ಮನೆಯಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಆದರೆ ಈ ಮೆಕ್ಯಾನಿಕ್ ಮಾತ್ರ ಸಾಸಿವೆಯದೇ. ಒಂದು ಕೈ ಮುರಿದಿದೆ ಎಂದು ಅಣ್ಣ ಎಸೆದಿದ್ದ. ಅಂಗಡಿಯಲ್ಲಿ ಹನ್ನೆರಡು ವರ್ಷದೊಳಗಿನವರಿಗೆ ಪೇಂಟಿಂಗ್ ಸ್ಪರ್ಧೆ ಎಂದು ಗೊತ್ತಾದ ದಿನವೇ ಅವಳು ಅದನ್ನು ಹುಡುಕಿ ತೆಗೆದಿದ್ದಳು. ಗೆದ್ದ ಬೊಂಬೆ ಅದೇ ಗಾಜಿನ ಕಪಾಟಿನಲ್ಲಿ ನಿಲ್ಲುತ್ತದೆ. ಕೆಳಗೆ ಹೆಸರು, ಈ ಸಲ ಅವಳ ಹೆಸರು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಸ್ಪರ್ಧೆಯ ದಿನ ಅಂಗಡಿಯ ತುಂಬ ಗಮ್ಮಿನ ವಾಸನೆ, ಹುಡುಗರ ಗಲಾಟೆ. ಅಂಗಡಿಯ ಒಡತಿಯನ್ನು ಎಲ್ಲರೂ ಆಂಟಿ ಅನ್ನುತ್ತಿದ್ದರು. ಅವರೇ ಜಡ್ಜು. ಹಣೆಗೆ ಕಟ್ಟಿಕೊಂಡ ಭೂತಗನ್ನಡಿಯನ್ನು ಕಣ್ಣಿಗಿಳಿಸಿ ಒಂದೊಂದೇ ಬೊಂಬೆಯನ್ನು ತಿರುಗಿಸಿ ನೋಡುತ್ತಾ ಬಂದರು. ಮೆಕ್ಯಾನಿಕ್ ಹತ್ತಿರ ನಿಂತುಬಿಟ್ಟರು. ಮಂಡಿಯ ಮೇಲಿನ ತುಕ್ಕಿನ ಬಣ್ಣ ನೋಡಿದರು. ಮುರಿದ ಕೈಯ ಜಾಗದಲ್ಲಿ ಸಾಸಿವೆ ತಂತಿ ಬಗ್ಗಿಸಿ ಮಾಡಿದ್ದ ಯಂತ್ರದ ಕೈ ನೋಡಿದರು. ಹೆಲ್ಮೆಟ್ಟಿನ ಗಾಜನ್ನು ತುಂಬ ಹೊತ್ತು ನೋಡಿದರು.



"ಇದು ನಿಂದಾ ಪುಟ್ಟಿ? ನೀನೇ ಹಚ್ಚಿದ್ದಾ?"

"ಹೂಂ ಆಂಟಿ. ಪೂರ್ತಿ ನಾನೇ."

ಆಂಟಿ ಹೋಗಿ, ಕಪಾಟಿನಿಂದ ಅಣ್ಣನ ಯೋಧನನ್ನು ತಂದು ಮೆಕ್ಯಾನಿಕ್ ಪಕ್ಕದಲ್ಲಿ ನಿಲ್ಲಿಸಿದರು.

"ಇಲ್ಲಿ ನೋಡು. ಒಂದು ದೊಡ್ಡ ಚುಕ್ಕಿ, ಪಕ್ಕದಲ್ಲೊಂದು ಚಿಕ್ಕದು. ಇದ್ರಲ್ಲೂ ಹಾಗೇ, ಅದ್ರಲ್ಲೂ ಹಾಗೇ. ಇಡೀ ಕ್ಲಬ್ಬಲ್ಲಿ ಹೀಗೆ ಎರಡು ಚುಕ್ಕಿ ಇಡೋನು ಒಬ್ಬನೇ. ಹ್ಯಾಂಡ್‌ರೈಟಿಂಗ್ ಇದ್ದ ಹಾಗೆ ಕಣಮ್ಮ ಇದು. ಇದು ನಿಮ್ಮಣ್ಣನ ಕೈ."

"ಅದು..." ಎಂದಳು ಸಾಸಿವೆ.

ಅದೂ ನಾನೇ ಹಚ್ಚಿದ್ದು ಅಂದರೆ ಅಣ್ಣನ ಸೈನ್ಯವೆಲ್ಲ ಮೇಜಿನಿಂದ ಇಳಿಯಬೇಕಾಗುತ್ತದೆ. ಸೀಕ್ರೆಟ್ ಇಬ್ಬರದು, ಒಬ್ಬಳೇ ಒಡೆಯುವುದು ಹೇಗೆ? ಅಣ್ಣನೇ ಹೇಳಲಿ. ಹೇಳದೆ ಏನು ಮಾಡುತ್ತಾನೆ? 'ಅವಳೇ ಹಚ್ಚಿದ್ದು.' ಎರಡೇ ಎರಡು ಪದ.

ಅಣ್ಣ ಪಕ್ಕದ ಮೇಜಿನಲ್ಲೇ ಇದ್ದ, ಮುಷ್ಟಿಯಲ್ಲಿ ಡೈಸ್.

"ಏನಪ್ಪಾ ಮಾಸ್ಟರ್, ತಂಗಿಗೆ ಹೆಲ್ಪ್ ಮಾಡಿದ್ಯಾ?" ಕೇಳಿದರು ಆಂಟಿ.

ಹುಡುಗರೆಲ್ಲ ಅವನ ಕಡೆ ತಿರುಗಿದರು. ಅಣ್ಣ ಸಾಸಿವೆಯನ್ನು ನೋಡಲಿಲ್ಲ. ಮುಷ್ಟಿ ಬಿಚ್ಚಿ ಡೈಸ್ ನೋಡಿದ.

"ಸ್ವಲ್ಪ ಆಂಟಿ," ಎಂದ. "ಆ ಗಾಜು, ತುಕ್ಕು, ಅದೆಲ್ಲ ನಾನೇ. ಅವಳು ಚಿಕ್ಕೋಳಲ್ವಾ, ಬರಲ್ಲ."

"ಇಲ್ಲ ಆಂಟಿ, ನಾನೇ. ಬ್ರಷ್ ಕೊಡಿ, ಇಲ್ಲೇ ತೋರಿಸ್ತೀನಿ," ಎಂದಳು ಸಾಸಿವೆ. ಆದರೆ ಅಳು ಬಂದು ಅರ್ಧ ಮಾತು ಹೊರಗೆ ಬರಲೇ ಇಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಆಂಟಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಬೊಂಬೆಯನ್ನು ಅವಳ ಕೈಗೆ ಕೊಟ್ಟು ತಲೆ ಸವರಿದರು.

"ಅಳ್ಬಾರ್ದು. ಮುಂದಿನ ಸಲ ನೀನೇ ಮಾಡ್ಕೊಂಡು ಬಾ. ಚೆನ್ನಾಗಿ ಬರದೇ ಇದ್ರೂ ಪರವಾಗಿಲ್ಲ."

ಗೆದ್ದದ್ದು ಒಬ್ಬ ಕನ್ನಡಕದ ಹುಡುಗನ ರೋಬೋಟು. ಅದರ ಹಸಿರು ಬಣ್ಣ ಪಾದದವರೆಗೂ ಸೋರಿತ್ತು. ಆ ಹುಡುಗ ಕಪಾಟಿನ ಮುಂದೆ ನಿಂತು ತನ್ನ ಹೆಸರನ್ನು ತಾನೇ ಮತ್ತೆ ಮತ್ತೆ ಓದಿಕೊಂಡ. ಸಾಸಿವೆಗೆ ಹೊಟ್ಟೆ ಉರಿಯಿತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವನು ಏನೂ ತಪ್ಪು ಮಾಡಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಬಟ್ಟೆ ಮಡಚುತ್ತಿದ್ದಳು. "ಏನಾಯ್ತು?" ಎಂದಳು.

"ಏನೋ ರೂಲ್ಸ್ ಪ್ರಾಬ್ಲಂ ಅಮ್ಮ," ಎಂದ ಅಣ್ಣ, ಸಾಸಿವೆ ಬಾಯಿ ತೆರೆಯುವುದಕ್ಕೂ ಮೊದಲೇ.

"ಹೋಗ್ಲಿ ಬಿಡು. ಅಣ್ಣನ ಹತ್ರ ಇನ್ನೂ ಚೆನ್ನಾಗಿ ಕಲ್ತ್ಕೋ, ಮುಂದಿನ ಸಲ ಗೆಲ್ತೀಯ," ಎಂದಳು ಅಮ್ಮ. ಅಮ್ಮನಿಗೇನು ಗೊತ್ತು, ಪಾಪ. ಗಾಯಕ್ಕೆ ಉಪ್ಪು ಸವರುವವರಿಗೆ ಅದು ಉಪ್ಪು ಅಂತ ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಸಂಜೆ ಅಣ್ಣ ಅವಳನ್ನು ರೂಮಿಗೆ ಕರೆದು ಬಾಗಿಲು ಹಾಕಿದ. ಮೇಜಿನ ಮೇಲೆ ಬಣ್ಣದ ಡಬ್ಬಿಗಳನ್ನು ಆಗಲೇ ತೆರೆದಿಟ್ಟಿದ್ದ. ನಡುವೆ ಒಂದು ಹೊಸ ಬೊಂಬೆ ನಿಂತಿತ್ತು, ಬೂದು ಬಣ್ಣದ್ದು.

"ಕೋಪಾನಾ?" ಎಂದ. "ನಾನೇನು ಬೇಕಂತ ಹೇಳಿದ್ನಾ? ಎಲ್ರೂ ನನ್ನೇ ನೋಡ್ತಿದ್ರು ಕಣೆ."

ಹೊಸ ಬೊಂಬೆಯನ್ನು ಅವಳ ಕಡೆಗೆ ಸರಿಸಿದ.

"ಇದು ಕಮಾಂಡರ್. ಮುಂದಿನ ಭಾನುವಾರ ಮ್ಯಾಚ್ ಇದೆ. ಇದೊಂದು ಮಾಡ್ಕೊಡು, ಪ್ಲೀಸ್."

"ನೀನೇ ಹಚ್ಕೋ."

"ನಂಗೆ ಬರಲ್ಲ ಅಂತ ನಿಂಗೊತ್ತಲ್ಲ," ಎಂದ ಅಣ್ಣ. "ನಿನ್ನಷ್ಟು ಚೆನ್ನಾಗಿ ಇಡೀ ಕ್ಲಬ್ಬಲ್ಲಿ ಯಾರಿಗೂ ಬರಲ್ಲ ಕಣೆ."

ಸಾಸಿವೆ ತಲೆ ಎತ್ತಿ ನೋಡಿದಳು. ಅವನು ಪೂಸಿ ಹೊಡೆಯುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ, ಎಷ್ಟು ಸಲೀಸಾಗಿ. ಯಾರು ಹಚ್ಚಿದ್ದು ಅನ್ನುವುದು ಅಣ್ಣನಿಗೆ ಮರೆತೇಹೋಗಿರಬೇಕು ಅಂತ ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಮರೆತಿರಲಿಲ್ಲ.

ಅವಳು ಎದ್ದು ಹೋಗಿ ಬಾಗಿಲು ತೆರೆದಳು. ನಡುಮನೆಯಲ್ಲಿ ಅಮ್ಮ ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದಳು.

"ಈಗ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."

ಅಣ್ಣ ಬಾಗಿಲನ್ನು ನೋಡಿದ, ಅವಳನ್ನು ನೋಡಿದ.

"ಮೆತ್ತಗೆ ಮಾತಾಡು," ಎಂದ ಪಿಸುದನಿಯಲ್ಲಿ. "ಅಮ್ಮಂಗೆ ಕೇಳಿಸುತ್ತೆ."

ಸಾಸಿವೆ ಮೇಜಿನ ಹತ್ತಿರ ಬಂದು, ತೆರೆದಿದ್ದ ಬಣ್ಣದ ಡಬ್ಬಿಗಳಿಗೆ ಒಂದೊಂದಾಗಿ ಮುಚ್ಚಳ ಹಾಕಿದಳು. ಬಾಗಿಲನ್ನು ತೆರೆದ ಹಾಗೇ ಬಿಟ್ಟಳು.