ಬಾಗಿಲು ತೆರೆದೇ ಇತ್ತು

ಫೆಬ್ರವರಿ ಮೂರು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ದಿಲ್ಶಾದ್ ಬೇಗಂ ಠಾಣೆಗೆ ಬಂದರು. ವಯಸ್ಸು ಐವತ್ನಾಲ್ಕು, ವಾಸ ಗಾಜಿಪುರ, ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಕೆಲಸ. ಇನ್ಸ್‌ಪೆಕ್ಟರ್ ಜಯದೇವಿ ಕುರ್ಚಿ ತೋರಿಸಿದರೂ ಅವರು ಕೂರಲಿಲ್ಲ.

"ನಿನ್ನೆ ನಸುಕಿನ್ಯಾಗ ನಮ್ಮ ಮನಿ ಬಾಗಿಲು ಮುರಿದಾರ್ರಿ" ಎಂದರು.

"ಯಾರು?"

"ನಿಮ್ಮವರೇ."

ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಅಣವೀರಪ್ಪ ಪೆನ್ನು ಎತ್ತಿದರು. ಸೋಮವಾರದ ಆ ದಾಳಿ ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೆಳಗಿನ ಐದು ನಲವತ್ತಕ್ಕೆ ವಿಶೇಷ ಕ್ಷಿಪ್ರ ದಳದ ಹದಿನಾಲ್ಕು ಜನ, ಕಪ್ಪು ಸಮವಸ್ತ್ರ, ಹೆಲ್ಮೆಟ್ಟು, ಗುಂಡು ತಡೆಯುವ ಕವಚ ತೊಟ್ಟು ಆ ಓಣಿಗೆ ಇಳಿದಿದ್ದರು. ಅರೆಸೇನಾ ಪಡೆಯ ಶಿಬಿರದಲ್ಲಿ ನಾಲ್ಕು ತಿಂಗಳು ತರಬೇತಿ ಪಡೆದ ದಳ ಅದು. ಕಬ್ಬಿಣದ ದಿಮ್ಮಿಯಿಂದ ಬಾಗಿಲು ಒಡೆದು ಒಳಗೆ ಬೆದರಿಸಲು ಭಾರೀ ಸದ್ದು ಮಾಡುವ ಶೆಲ್ ಎಸೆದಿದ್ದರು. ಮನೆಯಲ್ಲಿ ಪಿಸ್ತೂಲುಗಳಿವೆ, ಹೊರಗಿನ ಇಬ್ಬರು ಅಡಗಿದ್ದಾರೆ ಎಂಬ ಮಾಹಿತಿ ಬಂದಿತ್ತು. ಸಿಕ್ಕಿದ್ದು ಪುಸ್ತಕ ಕಟ್ಟುವ ರಟ್ಟು, ದಾರ, ಅಂಟಿನ ಡಬ್ಬಿ. ದಿಲ್ಶಾದರ ಗಂಡ ಕರೀಂಸಾಬ್ ಊರಿನ ಹಳೆಯ ಬೈಂಡರ್. ಸದ್ದಿಗೆ ಬೆದರಿ ಓಡಿದ ಅವರು ಅಂಗಳದ ಮೆಟ್ಟಿಲ ಮೇಲೆ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು.

"ದಳದವರ ಮ್ಯಾಲ ದೂರು ಬರೀಬೇಕಾ?" ಜಯದೇವಿ ಕೇಳಿದರು.

"ಅದೂ ಬರೀರಿ. ಆದ್ರ ಮೊದಲ ಒಂದು ಹೇಳ್ರಿ ಮೇಡಂ. ನಮ್ಮ ಮನಿ ಗುರ್ತು ಅವರಿಗಿ ಯಾರು ಕೊಟ್ರು? ಯಾರೋ ಕೊಟ್ಟಿದ್ದಕ್ಕೇ ಬಂದಾರಲ್ಲ?"

ಜಯದೇವಿಗೂ ಅದೇ ಬೇಕಾಗಿತ್ತು. ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಸುಳ್ಳು ಮಾಹಿತಿ ಕೊಟ್ಟು ಜೀವಕ್ಕೆ ಅಪಾಯ ತಂದ ಆರೋಪ, ಆರೋಪಿ ಅಪರಿಚಿತ. ದಳದ ಕುರಿತ ಅವರ ಮಾತನ್ನೂ ಒಂದಕ್ಷರ ಬಿಡದೆ ಬರೆದು, ವಿಚಾರಣೆಗಾಗಿ ಡಿಸಿಪಿ ಕಚೇರಿಗೆ ಕಳಿಸಲಾಯಿತು.

ಮಧ್ಯಾಹ್ನ ಕಂಟ್ರೋಲ್ ರೂಮಿನಿಂದ ಕರೆಯ ಧ್ವನಿಮುದ್ರಣ ಬಂತು. ಭಾನುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಬಂದ ಕರೆ. ಮೂವತ್ತೊಂದು ಸೆಕೆಂಡು.

"ಗಾಜಿಪುರ, ಬೈಂಡರ್ ಕರೀಂಸಾಬ್ ಮನಿ. ಎರಡನೇ ಖೋಲ್ಯಾಗ ಅಟ್ಟದ ಮ್ಯಾಲ ಹಸಿರು ಟ್ರಂಕ್ ಅದ. ಪಿಸ್ತೂಲ್ ಅದರಾಗ ಅದಾವ. ಹೊರಗಿನ ಇಬ್ಬರು ಬಂದಾರ. ಹಿಂದಿನ ಬಾಗಿಲು ಸಣ್ಣ ಓಣಿಗಿ ತೆರೀತದ, ಅಲ್ಲೂ ಮಂದಿ ನಿಲ್ಲಸ್ರಿ."

ನಂಬರು ಸೊಲ್ಲಾಪುರದ ಯಾತ್ರಿಕರೊಬ್ಬರದ್ದು. ದರ್ಗಾಕ್ಕೆ ಬಂದಿದ್ದ ಅವರು ಅಲ್ಲಿಯೇ ರೋಜಾ ಬಡಾವಣೆಯ ಲಾಡ್ಜೊಂದರಲ್ಲಿ ಇನ್ನೂ ಇದ್ದರು. ಸಂಜೆ ಆರಕ್ಕೆ ಅಣವೀರಪ್ಪ ಅವರ ಎದುರು ಕುಳಿತರು.

"ಫೋನ್ ಯಾರಿಗರ ಕೊಟ್ಟಿದ್ರಿ?"

"ಒಬ್ಬ ಕೇಳಿದ್ರಿ. ತನ್ನ ಫೋನ್ ಬಂದ್ ಆಗ್ಯಾದ, ಮನಿಗಿ ಒಂದು ಮಾತು ಹೇಳಬೇಕು ಅಂದ. ಚಹಾದಂಗಡಿ ಮುಂದ."

"ಹ್ಯಾಂಗಿದ್ದ?"

"ಮೂವತ್ತೈದರ ಹತ್ರ. ಮುಖಕ್ಕ ದಸ್ತಿ ಕಟ್ಟಿದ್ದ. ಬೆರಳಿಗೆಲ್ಲ ವಾರ್ನಿಷ್ ಹತ್ತಿತ್ತು. ಫೋನ್ ಅಂಗಿಗಿ ಒರೆಸಿ ವಾಪಸ್ ಕೊಟ್ಟ. ಶುಕ್ರಿಯಾ ಅಂದ."

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಜಯದೇವಿ ಗಾಜಿಪುರದ ಮನೆಯಲ್ಲಿ ಸ್ಥಳ ಪಂಚನಾಮೆ ಮಾಡಿಸಿದರು. ಬಾಗಿಲ ಹಲಗೆ ಮೂರು ತುಂಡು, ಚೌಕಟ್ಟು ಗೋಡೆಯಿಂದ ಬಿಟ್ಟಿದೆ, ಗೋಡೆಯ ಮೇಲೆ ಹೊಗೆಯ ಕಲೆ. ಎಲ್ಲ ಬರೆದಾದ ಮೇಲೆ ದಿಲ್ಶಾದರಿಗೆ ಧ್ವನಿ ಕೇಳಿಸಿದರು. ಅವರು ಎರಡು ಸಲ ಕೇಳಿದರು.

"ಧ್ವನಿ ಗುರ್ತು ಹತ್ತವಲ್ದು. ಆದ್ರ ಟ್ರಂಕ್ ಅಟ್ಟದ ಮ್ಯಾಲ ಎಲ್ಲದ ಮೇಡಂ? ಹೋದ ವರ್ಷ ಕೆಳಗ ಇಳಿಸೀವಿ. ಇವರಿಗಿ ಹತ್ತಿ ಇಳ್ಯಾದು ಆಗವಲ್ದಂತ."

ಜಯದೇವಿ ಅಟ್ಟ ನೋಡಿದರು. ಖಾಲಿ. ಹಸಿರು ಟ್ರಂಕು ಮಂಚದ ಕೆಳಗಿತ್ತು. ಕರೆ ಮಾಡಿದವನಿಗೆ ಈ ಮನೆಯ ಮೂಲೆಮೂಲೆ ಗೊತ್ತು. ಆದರೆ ಒಂದು ವರ್ಷದಿಂದ ಅವನು ಒಳಗೆ ಬಂದಿಲ್ಲ.

"ಅದಕ್ಕೂ ಮೊದಲು ಆ ಅಟ್ಟ ಯಾರು ಹತ್ತಿದ್ರು?"

"ವಕಾರ್ ಹತ್ತಿದ್ದ, ವೈರಿಂಗ್ ಮಾಡಾಕ. ಎದುರಿಗೇ ಬಾಡಿಗಿ ಇದ್ದ. ಮೋಟರ್ ವೈಂಡಿಂಗ್ ಕೆಲಸ ಅವಂದು. ಒಳ್ಳೆ ಹುಡುಗ."

"ಈಗ ಎಲ್ಲದಾನ?"

"ಕಮಲಾಪುರಕ್ಕ ಹೋದ. ಎರಡು ವರ್ಷ ಆತು."

"ಯಾಕ ಹೋದ?"

ದಿಲ್ಶಾದ್ ಮುರಿದ ಚೌಕಟ್ಟಿನ ಆಚೆ, ಎದುರು ಮನೆಯ ಕಡೆ ನೋಡಿದರು.

"ಅವನ ಮನಿಗೂ ಹಿಂಗೇ ಬಂದಿದ್ರು" ಎಂದರು.

ಮಧ್ಯಾಹ್ನ ಹಳೆಯ ಕಡತ ಮೇಜಿಗೆ ಬಂತು. ಎರಡು ವರ್ಷದ ಹಿಂದಿನ ಡಿಸೆಂಬರ್. ಕ್ಷಿಪ್ರ ದಳ ರಚನೆಯಾದ ಹೊಸತು, ಅದರ ಮೂರನೆಯ ದಾಳಿ. ಹುಡುಕಿದ್ದು ದರೋಡೆ ಗುಂಪಿನವನೊಬ್ಬನನ್ನು. ಅವನು ಆ ಬಾಡಿಗೆ ಮನೆ ಬಿಟ್ಟು ಆಗಲೇ ಐದು ತಿಂಗಳಾಗಿತ್ತು. ಒಳಗಿದ್ದವರು ವಕಾರ್ ಮತ್ತು ಅವನ ಹೆಂಡತಿ ಮೆಹರೀನ್. ಬಾಗಿಲು ಮುರಿದರು, ಶೆಲ್ಲಿನ ಸದ್ದಿಗೆ ಹೆಂಡತಿಯ ಕಿವಿಗೆ ಪೆಟ್ಟಾಯಿತು ಎಂದು ವಕಾರ್ ಕೊಟ್ಟ ಅರ್ಜಿಯ ಮೇಲೆ ಎರಡೇ ಸಾಲಿನ ಷರಾ ಇತ್ತು: 'ಪಂಚನಾಮೆಯ ಪ್ರಕಾರ ಬಾಗಿಲು ತೆರೆದೇ ಇತ್ತು. ಹಾನಿ ಕಂಡುಬಂದಿಲ್ಲ, ಅರ್ಜಿ ಮುಕ್ತಾಯ.' ಪಂಚನಾಮೆಯ ಕೆಳಗೆ ಪಂಚರ ಸಹಿ. ಮೊದಲನೆಯದು ಕರೀಂಸಾಬರದ್ದು.

ಸಂಜೆ ಐದಕ್ಕೆ ಜಯದೇವಿ ಆಸ್ಪತ್ರೆಯಲ್ಲಿದ್ದರು. ಕರೀಂಸಾಬ್ ಕಾಗದವನ್ನು ಎದೆಯ ಮೇಲಿಟ್ಟುಕೊಂಡು ನೋಡಿದರು.

"ಸಹಿ ನಿಮ್ದೇ?"

"ನಂದೇ."

"ಓದದೇ ಮಾಡಿದ್ರಾ?"

"ಇಲ್ಲ ಮೇಡಂ. ಓದೇ ಮಾಡಿದೆ." ಅವರು ಮುಖ ಗೋಡೆಯ ಕಡೆ ತಿರುಗಿಸಿದರು. "ಬಾಗಿಲು ತೆರೆದೇ ಇತ್ತು ಅಂತ ಬರೆದಿತ್ತು. ಆ ಬಾಗಿಲು ಓಣ್ಯಾಗ ಬಿದ್ದಿತ್ತು. ಅದರ ಮ್ಯಾಲ ನಿಂತೇ ಸಹಿ ಮಾಡಿದೆ. ಸುತ್ತ ಬಂದೂಕು ಹಿಡಕೊಂಡು ನಿಂತಿದ್ರು. ಮಾಡಂದ್ರು, ಮಾಡಿದೆ. ವಕಾರ್ ನೋಡಲಾಕತ್ತಿದ್ದ."

"ಇದನ್ನ ಬರ್ಕೋತೀನಿ. ನಡೀತದಾ?"

"ಬರ್ಕೋರಿ. ಭಾಳ ದಿನ ಆತು."

ಗುರುವಾರ ಬೆಳಿಗ್ಗೆ ಅಣವೀರಪ್ಪ ಸಮವಸ್ತ್ರ ಬಿಟ್ಟು ಸಾದಾ ಪ್ಯಾಂಟು ಅಂಗಿ ಹಾಕಿಕೊಂಡು, ಮನೆಯ ಸುಟ್ಟ ಮಿಕ್ಸರ್ ಚೀಲದಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದರು. ಕೆಂಬಾಳೆ ತೋಟಗಳ ಪಂಪ್‌ಸೆಟ್ ಮೋಟರುಗಳು ಸಾಲಾಗಿ ಬಿದ್ದಿದ್ದ ವಕಾರನ ಶೆಡ್ಡು, ಅದಕ್ಕೆ ಹೊಂದಿಕೊಂಡೇ ಮನೆ. ಒಂದೂವರೆ ಗಂಟೆ ಅಲ್ಲೇ ಸ್ಟೂಲಿನ ಮೇಲೆ ಕೂತು, ತೋಟದವರ ಜತೆ ಮಾತಾಡಿ, ಮಿಕ್ಸರನ್ನು ರಿಪೇರಿಗೆ ಬಿಟ್ಟು ಚೀಟಿ ಪಡೆದು ಮರಳಿದರು. ವಕಾರನ ಬೆರಳಿಗೆಲ್ಲ ವಾರ್ನಿಷ್ ಹತ್ತಿತ್ತು. ಅವನ ಧ್ವನಿ ಮೂವತ್ತೊಂದು ಸೆಕೆಂಡಿನ ಆ ಧ್ವನಿಯೇ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಅಷ್ಟರಲ್ಲಿ ಜಯದೇವಿ ನ್ಯಾಯಾಲಯದಿಂದ ವಾರಂಟ್ ಪಡೆದಿದ್ದರು.

ಸಂಜೆ ಐದೂವರೆಗೆ ಡಿಸಿಪಿ ಕಚೇರಿಯಲ್ಲಿ ಸಭೆ. ನಗರದಲ್ಲಿ ಆಗಲೇ ಎರಡು ಮಾತು ಎದ್ದಿದ್ದವು. ದಳ ಬಂದ ಮೇಲೆ ದರೋಡೆ ನಿಂತಿದೆ ಎನ್ನುವವರು, ಪೊಲೀಸರು ಗಡಿಯಲ್ಲಿ ನಿಂತ ಸೈನಿಕರ ಹಾಗೆ ಓಣಿಗೆ ಇಳಿಯುವುದೇನು ಎನ್ನುವವರು. ಅವತ್ತಿನ ಪತ್ರಿಕೆಯಲ್ಲಿ ಎರಡೂ ಅಚ್ಚಾಗಿದ್ದವು. ದಳದ ಮುಖ್ಯಸ್ಥ ಎಸಿಪಿ ಗುರುಪ್ರಸಾದ ಕಮಲಾಪುರದ ನಕ್ಷೆ ಹರಡಿಕೊಂಡೇ ಕೂತಿದ್ದರು.

"ಪೊಲೀಸರ ಮ್ಯಾಲ ಎರಡು ವರ್ಷದ ಸಿಟ್ಟು ಅದ ಅವನಿಗಿ. ಶೆಡ್ಡಿನ ತುಂಬ ಕಬ್ಬಿಣ, ಕರೆಂಟು. ನಾಳೆ ನಸುಕಿನ್ಯಾಗ ನನ್ನ ಹುಡುಗರು ಹೋಗ್ತಾರ. ನಾಲ್ಕು ನಿಮಿಷದ ಕೆಲಸ."

"ಗಾಜಿಪುರದಾಗೂ ನಾಲ್ಕೇ ನಿಮಿಷ ಹಿಡೀತು ಸರ್" ಎಂದರು ಜಯದೇವಿ.

ಗುರುಪ್ರಸಾದ ಸಿಟ್ಟಾಗಲಿಲ್ಲ. "ನಮ್ಮ ಕಾನ್‌ಸ್ಟೆಬಲ್ ಸಾಯಿಕುಮಾರ ಗೊತ್ತಲ್ಲ ನಿಮಗ? ಬಾಗಿಲು ಬಡಿದ, ಪೊಲೀಸರು ಅಂತ ಹೇಳಿದ, ಕಾಯ್ದ. ಗುಂಡು ಹಲಗೆ ತೂರಿಕೊಂಡು ಬಂತು. ಇವತ್ತಿಗೂ ಆ ಕೈಲೆ ಅನ್ನ ಕಲಸಲಾಕ ಬರೂದಿಲ್ಲ. ನಾ ಅವನ ಹಿಂದೇ ನಿಂತಿದ್ದೆ. ಅದಾದ ಮ್ಯಾಲೇ ನಾ ಈ ದಳ ಕೇಳಿದ್ದು."

"ಆ ಮನ್ಯಾಗ ಯಾರದಾರ ಅಂತ ಅವತ್ತು ನಮಗ ಗೊತ್ತಿತ್ತಾ ಸರ್?"

"ಇರಲಿಲ್ಲ."

"ಇಲ್ಲಿ ಗೊತ್ತದ. ಗಂಡ, ಹೆಂಡತಿ ಇಬ್ಬರೇ. ಒಂಬತ್ತಕ್ಕ ಶೆಡ್ಡು ತೆಗೀತಾನ. ಶಸ್ತ್ರ ಅದ ಅಂತ ಯಾರೂ ಹೇಳಿಲ್ಲ. ಅಣವೀರಪ್ಪ, ಬಾಗಿಲಿಂದು ಹೇಳ್ರಿ."

"ಮನಿ ಬಾಗಿಲಿಗಿ ಒಳಗ ಚಿಲಕ ಇಲ್ಲರೀ ಸರ್" ಎಂದರು ಅಣವೀರಪ್ಪ. "ಇತ್ತು, ತೆಗೆದಾರ. ತೂತು ಕಾಣ್ತಾವ."

ಡಿಸಿಪಿ ಮೂವರನ್ನೂ ನೋಡಿದರು. "ನಾಳೆ ಹನ್ನೆರಡರ ತನಕ ಜಯದೇವಿಯವರದು. ದಳ ಒಂದು ಕಿಲೋಮೀಟರ್ ಆಚೆ ನಿಲ್ಲಲಿ. ಅವರು ಕರೆದರ ಮಾತ್ರ."

ಶುಕ್ರವಾರ ಹತ್ತೂವರೆಗೆ ಜೀಪು ಶೆಡ್ಡಿನ ಮುಂದೆ ನಿಂತಿತು. ಜಯದೇವಿ ಸಮವಸ್ತ್ರದಲ್ಲಿದ್ದರು, ಅಣವೀರಪ್ಪನವರೂ ಇವತ್ತು ಸಮವಸ್ತ್ರದಲ್ಲೇ. ವಕಾರ್ ನೆಲದಲ್ಲಿ ಕೂತು ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಅಣವೀರಪ್ಪನವರನ್ನು ನೋಡಿದ, ಮಿಕ್ಸರಿನ ಕಡೆ ನೋಡಿದ. ಎಲ್ಲ ಅರ್ಥವಾಯಿತು.

"ವಕಾರ್, ನಾ ಇನ್ಸ್‌ಪೆಕ್ಟರ್ ಜಯದೇವಿ. ಯಾಕ ಬಂದೀನಿ ಗೊತ್ತದಲ್ಲ?"

"ಗೊತ್ತದರಿ. ಎಷ್ಟು ಮಂದಿ ಬಂದೀರಿ?"

"ಇಬ್ಬರು."

"ಇಬ್ಬರೇ?"

ಹೇಳುತ್ತಲೇ ಅವನು ಬಲಗೈಯನ್ನು ಬೆಂಚಿನ ಕೆಳಗೆ ಚಾಚಿದ. ಜಯದೇವಿಯ ಕೈ ಸೊಂಟದ ಪಿಸ್ತೂಲಿನ ಮೇಲೆ ಹೋಯಿತು. ಟಪ್ಪೆಂದು ಸದ್ದಾಯಿತು. ಮೇನ್ ಸ್ವಿಚ್ಚು ಆರಿ, ಶೆಡ್ಡಿನ ಫ್ಯಾನು ನಿಧಾನವಾಗಿ ನಿಂತಿತು.

"ಕರೆಂಟು ಹಂಗೇ ಬಿಟ್ಟು ಹೋಗಬಾರದು" ಎಂದ ವಕಾರ್.

ಜಯದೇವಿ ಕೈ ತೆಗೆದರು. ಅದು ಅಲ್ಲಿಗೆ ಹೋದದ್ದನ್ನು ಅವರು ಅವತ್ತಿನ ದಿನಚರಿಯಲ್ಲಿ ಬರೆದರು. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ವಾರಂಟ್ ಓದಿ ಹೇಳಿದರು. ಮೆಹರೀನ್ ಮನೆಯ ಬಾಗಿಲಿಗೆ ಬಂದು, ಬಲಗಿವಿ ಮುಂದೆ ಮಾಡಿ ಕೇಳಿಸಿಕೊಂಡಳು. ಎಡಗಿವಿ ಕೇಳಿಸುವುದಿಲ್ಲವೆಂದು ವಕಾರ್ ಹೇಳಿದ. ಜಯದೇವಿ ಆಕೆಯ ಬಲಕ್ಕೆ ಬಂದು ನಿಂತು, ಎಲ್ಲಿಗೆ ಕರೆದೊಯ್ಯುತ್ತೇವೆ, ಯಾವ ವಕೀಲರನ್ನು ಕಾಣಬಹುದು ಎಂದು ಮತ್ತೊಮ್ಮೆ ಬಿಡಿಸಿ ಹೇಳಿದರು. ಆಮೇಲೆ ಬಾಗಿಲ ತೂತುಗಳನ್ನು ತೋರಿಸಿ ಕೇಳಿದರು.

"ಚಿಲಕ ಯಾಕಿಲ್ಲಮ್ಮ?"

"ನಾನೇ ತೆಗೆಸೀನ್ರಿ. ಬರೋರು ಹ್ಯಾಂಗರ ಬರ್ತಾರ. ಮುರಿಯೋ ಸದ್ದು ಬ್ಯಾಡ ಅಂತ."

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಜಯದೇವಿ ವೈರ್‌ಲೆಸ್ಸಿನಲ್ಲಿ ದಳಕ್ಕೆ ತಿಳಿಸಿದರು: ದಸ್ತಗಿರಿ ಆಗಿದೆ, ನೀವು ಮರಳಬಹುದು.

ಮಧ್ಯಾಹ್ನ ಮೂರಕ್ಕೆ ಠಾಣೆಯಲ್ಲಿ ವಕಾರ್ ಹೇಳಿಕೆ ಕೊಟ್ಟ. ಏನನ್ನೂ ಮುಚ್ಚಿಡಲಿಲ್ಲ. ಕರೀಂಸಾಬರ ಎಲುಬು ಮುರಿದದ್ದು ಅವನಿಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ತನ್ನ ಬೆರಳು ನೋಡಿಕೊಂಡ.

"ಚಾಚಾಗ ಕೇಡು ಬಯಸಿರಲಿಲ್ಲ ಮೇಡಂ. ಆ ಪಂಚನಾಮೆ ಆದ ಮ್ಯಾಲ ನಾ ಎಲ್ಲರ ಮುಂದೂ ಸುಳ್ಳ ಆದೆ. ಮನಿ ಮಾಲಕ ಖಾಲಿ ಮಾಡು ಅಂದ. ನನ್ನ ಬಾಗಿಲು ಮುರಿದದ್ದು ಖರೇ ಅಂತ ಹೇಳೋರು ಚಾಚಾ ಒಬ್ಬರೇ ಇದ್ರು. ಅವರ ಬಾಗಿಲೂ ಮುರಿದರ ಅವರು ಎಲ್ಲರ ಮುಂದ ಹೇಳಲೇಬೇಕಾಗ್ತದ. ಹೇಳೂ ಮುಂದ ನಮ್ಮ ಬಾಗಿಲಿಂದೂ ಬಾಯಿಗಿ ಬಂದೀತು ಅನ್ಕೊಂಡೆ."

"ಬಂದದ" ಎಂದರು ಜಯದೇವಿ. "ಬುಧವಾರ ಹೇಳ್ಯಾರ."

ಅವನು ತಲೆ ಎತ್ತಿದ. "ಬರ್ಕೊಂಡೀರಿ?"

"ಬರ್ಕೊಂಡೀನಿ. ಸಹಿ ಮಾಡ್ಯಾರ."

ವಕಾರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಣವೀರಪ್ಪ ನೀರು ತರಲು ಎದ್ದರು.

ನಾಲ್ಕೂವರೆಗೆ ಜಯದೇವಿ ಇನ್ನೊಂದು ಎಫ್‌ಐಆರ್ ಬರೆಸಿದರು. ಎರಡು ವರ್ಷದ ಹಿಂದಿನ ಡಿಸೆಂಬರಿನ ಘಟನೆ. ಹಾನಿ, ಗಾಯ, ಸುಳ್ಳು ಪಂಚನಾಮೆ. ದೂರುದಾರನ ಹೆಸರು ವಕಾರ್.

"ಒಂದರಾಗ ಆರೋಪಿ, ಇನ್ನೊಂದರಾಗ ದೂರುದಾರ. ಹಂಗೇ ಬರೀಲೇನ್ರಿ ಮೇಡಂ?" ಎಂದರು ಅಣವೀರಪ್ಪ.

"ಹಂಗೇ ಬರೀರಿ. ಎರಡೂ ಆಗ್ಯಾವಲ್ಲ."

ಐದೂವರೆಗೆ ಗುರುಪ್ರಸಾದ ಒಬ್ಬರೇ ಬಂದರು. ಕಪ್ಪು ಸಮವಸ್ತ್ರ ಇರಲಿಲ್ಲ. ಎರಡನೆಯ ಎಫ್‌ಐಆರಿನ ಪ್ರತಿಯನ್ನು ನಿಂತೇ ಓದಿದರು.

"ಪಂಚನಾಮೆ ಬರೆದವರು ವರ್ಗ ಆಗಿ ಹೋಗ್ಯಾರ" ಎಂದರು.

"ಹೌದು ಸರ್. ಅವರಿಗೆ ನೋಟಿಸ್ ಹೋಗ್ಯಾದ. ನಿಮ್ಮ ಹೇಳಿಕಿನೂ ಬೇಕಾಗ್ತದ."

ಗುರುಪ್ರಸಾದ ಕಿಟಕಿಯಾಚೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ದಳ ಬೇಕಾಗ್ತದ ಜಯದೇವಿ. ಸಾಯಿಕುಮಾರನ ಕೈ ನೋಡಿದವರಿಗಿ ಅದು ಗೊತ್ತದ."

"ಬ್ಯಾಡ ಅಂತ ನಾ ಎಲ್ಲೂ ಬರೆದಿಲ್ಲ ಸರ್."

"ಇಲ್ಲ. ಬರೆದಿಲ್ಲ." ಅವರು ಅಣವೀರಪ್ಪನವರ ಕಡೆ ತಿರುಗಿದರು. "ಬರ್ಕೋರಿ. ಅವತ್ತು ಬಾಗಿಲು ಮುಚ್ಚಿತ್ತು. ನಾವು ಬಡೀಲಿಲ್ಲ. ನನ್ನ ಆದೇಶದ ಮ್ಯಾಲ ಮುರಿದ್ವಿ."

ಅಣವೀರಪ್ಪ ಬರೆದರು. ಆರು ಗಂಟೆಗೆ ಹೇಳಿಕೆಯನ್ನು ಓದಿ ಹೇಳಲಾಯಿತು. ಗುರುಪ್ರಸಾದ ಅದನ್ನು ತಮ್ಮ ಕೈಗೆ ತೆಗೆದುಕೊಂಡು ಮೊದಲಿನಿಂದ ಇನ್ನೊಮ್ಮೆ ತಾವೇ ಓದಿದರು, ಆಮೇಲೆ ಸಹಿ ಮಾಡಿದರು.