ಬೆರಳಿಗೆ ಸಿಗದ ಮೆನು

ಬೆಳಿಗ್ಗೆ ಒಂಬತ್ತೂವರೆಗೆ ಮಗಳು ಕೋಣೆಗೆ ಬಂದಾಗ ಅಪ್ಪನ ದಿಂಬು ಬೆವರಿನಿಂದ ತೊಯ್ದಿತ್ತು. ಕರೆದಳು. ಅಲುಗಾಡಿಸಿದಳು. ಅಪ್ಪ ಕಣ್ಣು ಬಿಡಲಿಲ್ಲ. ಅವಳ ಕೂಗಿಗೆ ಇಡೀ ನರ್ಸಿಂಗ್ ಹೋಮ್ ಓಡಿಬಂತು.

ರಕ್ತದಲ್ಲಿನ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಡಾಕ್ಟರ್ ಗ್ಲೂಕೋಸ್ ಏರಿಸಿದರು. ಜೀವ ಉಳಿಯಿತು, ಪ್ರಜ್ಞೆ ಮರಳಲಿಲ್ಲ. ಹನ್ನೆರಡು ಯೂನಿಟ್ ಇನ್ಸುಲಿನ್ ಕೊಡುವಲ್ಲಿ ನಲವತ್ತೆರಡು ಕೊಡಲಾಗಿತ್ತು.

ಅದು ಕೈತಪ್ಪಿನಿಂದ ಆದದ್ದಲ್ಲ. ಔಷಧಿಯ ಲೆಕ್ಕವೆಲ್ಲ ಆಸ್ಪತ್ರೆಯ ವೆಬ್‌ಸೈಟಿನಲ್ಲಿರುತ್ತಿತ್ತು. ಡಾಕ್ಟರ್ ಬರೆದಿದ್ದ ಹನ್ನೆರಡನ್ನು ಬೆಳಿಗ್ಗೆ ಏಳೂ ಐವತ್ತಕ್ಕೆ ಯಾರೋ ನಲವತ್ತೆರಡು ಎಂದು ತಿದ್ದಿದ್ದರು. ತಿದ್ದಿದ ಖಾತೆ ವಾರ್ಡಿನ ಸಿಸ್ಟರ್‌ದು.

* * *

ಇನ್‌ಸ್ಪೆಕ್ಟರ್ ಹತ್ತೂವರೆಗೆ ಬಂದರು. ನಲವತ್ತು ದಾಟಿದ ಹೆಂಗಸು. ಮಾತು ಕಡಿಮೆ. ಮೊದಲು ಸಿಸ್ಟರನ್ನು ಕೂರಿಸಿಕೊಂಡರು.

"ಎಂಟು ಗಂಟೆಗೆ ಟ್ಯಾಬ್ ನೋಡಿದೆ ಮೇಡಂ. ನಲವತ್ತೆರಡು ಅಂತಿತ್ತು. ಕೊಟ್ಟೆ."

"ಅನುಮಾನ ಬರಲಿಲ್ವಾ?"

"ಬಂತು. ಆದ್ರೆ ಡೋಸ್ ಜಾಸ್ತಿ ಮಾಡ್ತೀನಿ ಅಂತ ಡಾಕ್ಟರ್ ನಿನ್ನೆ ಹೇಳಿದ್ರು. ಅದಕ್ಕೇ ಕೇಳಲಿಲ್ಲ." ಅವಳು ತಲೆ ತಗ್ಗಿಸಿದಳು. "ಆ ತಪ್ಪು ನಂದೇ."

"ತಿದ್ದಿದ್ದು?"

"ತಿದ್ದೋಕೆ ಬರುತ್ತೆ ಅನ್ನೋದೇ ನನಗೆ ಗೊತ್ತಿಲ್ಲ. ಕೊಟ್ಟಾದ ಮೇಲೆ ಗುರುತು ಹಾಕೋದಷ್ಟೇ ನನ್ನ ಕೆಲಸ."

"ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಎಲ್ಲರಿಗೂ. ಗೋಡೆ ಮೇಲೆ ಚೀಟಿ ಅಂಟಿಸಿದೆ."

ಇನ್‌ಸ್ಪೆಕ್ಟರ್ ನಿಟ್ಟುಸಿರಿಟ್ಟರು. ಊರಿಗೆಲ್ಲ ಬೀಗದ ಕೈ ಹಂಚಿ ಬಾಗಿಲು ಹಾಕಿದ ಹಾಗಾಯಿತು.

ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಆಯಾ ಹತ್ತಿರ ಬಂದಳು. "ಏಳೂಮುಕ್ಕಾಲಕ್ಕೆ ಆ ಟ್ಯಾಬು ಅಳಿಯಂದಿರ ಕೈಲಿತ್ತಮ್ಮ."

ಮಾವ ಅಳಿಯನದು ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು ಎರಡೇ ದಿನದಲ್ಲಿ ಇಡೀ ವಾರ್ಡಿಗೆ ತಿಳಿದಿತ್ತು.

"ನಿಮ್ಮಿಬ್ಬರಿಗೂ ಮಾತಿರಲಿಲ್ವಂತೆ?" ಅಳಿಯನನ್ನು ಕರೆಸಿ ಇನ್‌ಸ್ಪೆಕ್ಟರ್ ಕೇಳಿದರು.

"ಮಾತಿರಲಿಲ್ಲ, ಬೈಗುಳ ಇತ್ತು," ಎಂದ ಅಳಿಯ. "ರಿಪೋರ್ಟ್ ತೋರಿಸು ಅಂದ್ರು ಮಾವ. ಅಕ್ಷರ ನೋಡಿದ್ರೆ ಇರುವೆ ಸಾಲು. ದೊಡ್ಡದು ಮಾಡಿದ್ರೆ ಅರ್ಧ ಸಾಲು ಪರದೆಯಿಂದ ಆಚೆ. ಅದನ್ನ ಎಳೆದೆಳೆದು ಓದಿಸ್ತಿದ್ದೆ, ಅಷ್ಟೇ."

"ಅಷ್ಟೇನಾ?"

"ಅದಕ್ಕೂ ಬೈದ್ರು."

ಅಳಿಯ ಹೊರಗೆ ಹೋದ ಮೇಲೆ ಆಸ್ಪತ್ರೆಯ ಔಷಧಿ ಅಂಗಡಿಯವನು ತಾನಾಗಿಯೇ ಬಂದು ನಿಂತ. ತಣ್ಣಗಿನ ಮನುಷ್ಯ.

"ಪಾಪ, ಅಳಿಯನ್ನ ಯಾಕೆ ಹಿಡೀತೀರಿ ಮೇಡಂ? ತಿದ್ದಿದ್ದು ಸಿಸ್ಟರೇ. ಎಂಟಕ್ಕೆ ಸ್ವಲ್ಪ ಮುಂಚೆ ಔಷಧಿ ಕೊಡೋಕೆ ವಾರ್ಡಿಗೆ ಹೋಗಿದ್ದೆ. ಟ್ಯಾಬ್ ಹಿಡ್ಕೊಂಡಿದ್ಳು. ಇನ್ಸುಲಿನ್ ಹೆಸರಿನ ಮೇಲೆ ಬೆರಳಿಟ್ಳು, ಕೆಳಗೆ ಮೆನು ಬಿಚ್ಚಿಕೊಳ್ತು, 'ತಿದ್ದು' ಅಂತ ಒತ್ತಿದ್ಳು. ಕಣ್ಣಾರೆ ಕಂಡೆ."

"ಸುಳ್ಳು ಮೇಡಂ," ಎಂದಳು ಹೊಸ್ತಿಲಲ್ಲಿದ್ದ ಸಿಸ್ಟರ್.

* * *

ಹಿಂದಿನ ಕೋಣೆಯಲ್ಲಿ ಒಬ್ಬ ವೆಬ್ ಡಿಸೈನರ್ ಕೂತಿದ್ದ. ಟ್ಯಾಬಿನಲ್ಲಿ ವೆಬ್‌ಸೈಟ್ ಬಳಸಲು ಪಡಬಾರದ ಪಾಡು ಪಡುತ್ತಿದ್ದೇವೆ ಎಂದು ಸಿಸ್ಟರ್‌ಗಳೆಲ್ಲ ದೂರಿದ್ದರು. ಅದನ್ನು ಸರಿಪಡಿಸಲೆಂದೇ ಅವನನ್ನು ಕರೆಸಿದ್ದರು. ನಾಲ್ಕು ದಿನಗಳಿಂದ ಯಾರ ಬೆರಳು ಎಲ್ಲಿ ತಪ್ಪುತ್ತದೆ ಎಂದು ನೋಡಿ ನೋಡಿ ಬರೆದುಕೊಳ್ಳುತ್ತಿದ್ದ.

"ಟ್ಯಾಬೋ ಕಂಪ್ಯೂಟರೋ, ಯಾವುದರಿಂದ ತಿದ್ದಿದ್ರು ಅಂತ ಗೊತ್ತಾಗುತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ ಮೇಡಂ. ಹೆಸರು, ಸಮಯ ಅಷ್ಟೇ ದಾಖಲಾಗೋದು."

"ಸರಿ. ಟ್ಯಾಬಿನಲ್ಲಿ ಹೇಗೆ ತಿದ್ದೋದು, ತೋರಿಸಿ."

ಅವನು ಟ್ಯಾಬ್ ಅವರತ್ತ ತಳ್ಳಿದ. "ನೀವೇ ಮಾಡಿ ನೋಡಿ."

ಇನ್‌ಸ್ಪೆಕ್ಟರ್ ಔಷಧಿಯ ಹೆಸರಿನ ಮೇಲೆ ಬೆರಳಿಟ್ಟರು. ಬೇರೊಂದು ಪುಟ ತೆರೆಯಿತು. ಹಿಂದೆ ಬಂದು ಒತ್ತಿ ಹಿಡಿದರು. ಏನೂ ಆಗಲಿಲ್ಲ. ಅಡ್ಡ ತಿರುಗಿಸಿದರು, ಉದ್ದ ತಿರುಗಿಸಿದರು. ಮೆನು ಬರಲೇ ಇಲ್ಲ.

"ಬರಲ್ಲ ಮೇಡಂ. ಮೌಸಿನ ಬಾಣ ಹೆಸರಿನ ಮೇಲೆ ಸುಮ್ಮನೆ ನಿಂತ್ರೆ ಮಾತ್ರ ಮೆನು ಬಿಚ್ಚಿಕೊಳ್ಳುತ್ತೆ. ಬೆರಳು ಹಾಗೆ ನಿಲ್ಲೋಕಾಗುತ್ತಾ? ಮುಟ್ಟಿದ್ರೆ ಒತ್ತಿದ ಹಾಗೇ. ನನ್ನ ಪಟ್ಟಿಯಲ್ಲಿ ಇದೇ ಮೊದಲನೇ ದೋಷ."

ಇನ್‌ಸ್ಪೆಕ್ಟರ್ ಟ್ಯಾಬ್ ಕೆಳಗಿಟ್ಟರು. "ಮೌಸ್ ಇರೋ ಕಂಪ್ಯೂಟರ್ ಇಲ್ಲಿ ಎಷ್ಟಿವೆ?"

"ಆಸ್ಪತ್ರೆಯಿಂದ ಆಚೆ ಈ ವೆಬ್‌ಸೈಟ್ ತೆರೆಯಲ್ಲ, ನಾನು ನನ್ನ ಲ್ಯಾಪ್‌ಟಾಪ್ ತರೋದು ಹತ್ತಕ್ಕೆ. ಅದು ಬಿಟ್ರೆ ಮೂರು. ರಿಸೆಪ್ಷನ್‌ದು ರಿಪೇರಿಗೆ ಹೋಗಿ ಎರಡು ದಿನ ಆಯ್ತು. ಡಾಕ್ಟರ್ ಕೋಣೆ ಒಂಬತ್ತಕ್ಕೇ ತೆಗೆಯೋದು. ಕೀಲಿ ಅವರ ಹತ್ತಿರಾನೇ ಇರುತ್ತೆ."

"ಇನ್ನೊಂದು?"

"ಔಷಧಿ ಅಂಗಡೀದು."

* * *

ಇನ್‌ಸ್ಪೆಕ್ಟರ್ ಟ್ಯಾಬನ್ನು ಅಂಗಡಿಯ ಕಟ್ಟೆಯ ಮೇಲಿಟ್ಟರು. "ಸಿಸ್ಟರ್ ಹೇಗೆ ತಿದ್ದಿದ್ರು? ಇನ್ನೊಂದು ಸಲ ಹೇಳಿ. ಮಾಡಿಯೂ ತೋರಿಸಿ."

ಅಂಗಡಿಯವನು ಬೆರಳಿಟ್ಟ. ಪುಟ ಬದಲಾಯಿತು. ಮತ್ತೆ ಇಟ್ಟ. ಮತ್ತೆ ಬದಲಾಯಿತು. ಐದನೆಯ ಸಲಕ್ಕೆ ಹಣೆಯಲ್ಲಿ ಬೆವರು ಮೂಡಿತು.

"ನೀವು ಕಂಡಿದ್ದು ಟ್ಯಾಬಿನಲ್ಲಿ ಆಗೋದೇ ಇಲ್ಲ," ಎಂದರು ಇನ್‌ಸ್ಪೆಕ್ಟರ್. "ನಿಮ್ಮ ಕಂಪ್ಯೂಟರಿನಲ್ಲಿ ನೀವು ಮಾಡಿದ್ದನ್ನೇ ಸಿಸ್ಟರ್ ಮೇಲೆ ಹೊರಿಸಿದ್ರಿ. ಬಾಯಿ ಮುಚ್ಚಿಕೊಂಡಿದ್ರೆ ಪತ್ತೆ ಮಾಡೋಕೆ ನನಗೆ ಇನ್ನೂ ನಾಲ್ಕು ದಿನ ಬೇಕಾಗ್ತಿತ್ತು."

ಪೇದೆಗಳು ಒಳಗಿನ ಗೋದಾಮು ಜಾಲಾಡಿದರು. ಅವಧಿ ಮುಗಿದ ಬಾಟಲಿಗಳು ಸಿಕ್ಕವು. ಪಕ್ಕದಲ್ಲೇ ಹೊಸ ದಿನಾಂಕದ ಲೇಬಲ್‌ಗಳ ಸುರುಳಿ.

ಕಾರಣವನ್ನು ಸಂಜೆ ರೋಗಿಯೇ ಹೇಳಿದರು. ಕಣ್ಣು ಬಿಟ್ಟಿದ್ದರು. ಅವರು ನಲವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು.

"ಬಾಟಲಿ ಮೇಲಿನ ತಾರೀಖಿನ ಅಚ್ಚು ಬೇರೆ ಇತ್ತಮ್ಮ. ಉಗುರಲ್ಲಿ ಕೆರೆದೆ. ಅಡಿಯಲ್ಲಿ ಇನ್ನೊಂದು ಲೇಬಲ್. ನಿನ್ನೆ ಔಷಧಿ ತಂದ ಆ ಅಂಗಡಿಯವನಿಗೇ ತೋರಿಸಿ, ನಾಳೆ ಡಾಕ್ಟರಿಗೆ ಹೇಳ್ತೀನಿ ಅಂದೆ." ಅವರು ಉಸಿರು ತೆಗೆದುಕೊಂಡರು. "ಎಲ್ಲಿ ನಮ್ಮ ಅಳಿಯ? ಊಟ ಮಾಡಿದ್ನಾ?"

ಬಾಗಿಲಲ್ಲಿದ್ದ ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

* * *

ಹೊರಡುವ ಮುಂಚೆ ಇನ್‌ಸ್ಪೆಕ್ಟರ್ ಹಿಂದಿನ ಕೋಣೆಗೆ ಇಣುಕಿದರು. ಡಿಸೈನರ್ ಪರದೆಯ ಮುಂದೆ ಕೈಕಟ್ಟಿ ಕೂತಿದ್ದ.

"ಏನು, ಕೆಲಸ ನಿಲ್ಲಿಸಿದ್ರಾ?"

"ಆ ಮೆನು ಬೆರಳಿಗೂ ಸಿಗೋ ಹಾಗೆ ಮಾಡೋಕೆ ಒಂದೇ ಗಂಟೆ ಸಾಕು ಮೇಡಂ. ಆದ್ರೆ ನಿನ್ನೇನೇ ಮಾಡಿಬಿಟ್ಟಿದ್ರೆ ಅವನ ಸುಳ್ಳು ನಿಜ ಆಗ್ತಿತ್ತು. ಸಿಸ್ಟರ್ ಈಗ ನಿಮ್ಮ ಜೀಪಿನಲ್ಲಿ ಇರ್ತಿದ್ರು."

ಇನ್‌ಸ್ಪೆಕ್ಟರ್ ಟೋಪಿ ಹಾಕಿಕೊಂಡರು.

"ಇರ್ತಿದ್ರು. ಆದ್ರೂ ಮಾಡಿ ಮುಗಿಸಿ. ತಿದ್ದೋ ಅಧಿಕಾರ ಡಾಕ್ಟರಿಗೆ ಮಾತ್ರ ಇರಲಿ. ನನ್ನ ಕೆಲಸ ಸುಲಭ ಆಗಲಿ ಅಂತ ಸಿಸ್ಟರ್‌ಗಳು ದಿನಾ ಒದ್ದಾಡೋದು ಬೇಡ."