ಹಳದಿ ಆ್ಯಪ್‌ನಲ್ಲಿ ಬಂದ ಸಂದೇಶ

"ಇದನ್ನ ಕಳಿಸಿದ್ದು ನೀವೇನಾ?"

ಮಧುಗಿರಿಯ ಆ ಪುಟ್ಟ ಆಫೀಸಿನ ಬಾಗಿಲಲ್ಲಿ ನಿಂತಿದ್ದವನು ಮಲ್ಲೇಶ್, ಹುಲಿಕುಂಟೆ ಕಡೆ ಕುರಿಗಳಿಗೆ ಲಸಿಕೆ ಹಾಕುವವನು. ಅವನು ಚಾಚಿದ ಮೊಬೈಲಿನಲ್ಲಿ 'ಬುಧವಾರ ಹುಲಿಕುಂಟೆಯಲ್ಲಿ ಲಸಿಕೆ ಶಿಬಿರ' ಎಂದಿತ್ತು.

ಒಳಗೆ ಕೂತಿದ್ದ ಜ್ಯೋತಿಲಕ್ಷ್ಮಿ ಅದನ್ನು ಕೈಗೆ ತೆಗೆದುಕೊಂಡು ಓದಿದಳು. ಸಂದೇಶ ಬಂದದ್ದು ಕುರಿಗಾರರಿಗಾಗಿ ಅವಳೇ ಕಟ್ಟಿದ ಆ್ಯಪ್‌ನಲ್ಲಿ. ಪರೀಕ್ಷೆಗೆಂದು ಸುಮ್ಮನೆ ಬರೆದ ಸಾಲು ನಿಜವಾದ ಬಳಕೆದಾರರಿಗೆಲ್ಲ ಹೋಗಿಬಿಟ್ಟಿತ್ತು!

"ಇಂದ್ರಮ್ಮ ಅಂತ, ಒಬ್ರೇ ಹೆಂಗ್ಸು. ನಲವತ್ತು ಕುರಿ ಹೊಡ್ಕೊಂಡು ಬಿಸಿಲಲ್ಲಿ ಎಂಟು ಮೈಲಿ ನಡೆದು ಬಂದವ್ರೆ. ಶಿಬಿರಾನೇ ಇಲ್ಲ. ದಾರೀಲಿ ಒಂದು ಮರಿ ಸತ್ತೋಯ್ತು." ಮಲ್ಲೇಶನ ದನಿಯಲ್ಲಿ ಸಿಟ್ಟಿತ್ತು.

ಜ್ಯೋತಿಲಕ್ಷ್ಮಿಯ ಕಣ್ಣು ತುಂಬಿತು. ಅಂದೇ ಅವನ ಜೊತೆ ಹೋಗಿ ಇಂದ್ರಮ್ಮನ ಕ್ಷಮೆ ಕೇಳಿದಳು.

ಆಮೇಲೆ ಹದಿನೈದು ದಿನ ಕೂತು ಆ್ಯಪನ್ನು ಎರಡು ಮಾಡಿದಳು. ಜನರಿಗೆ ಹಸಿರು ಗುರುತಿನದು, ಪರೀಕ್ಷೆಗೆ ಹಳದಿಯದು. ಸರ್ವರ್ ಬೇರೆ, ಬಳಕೆದಾರರ ಪಟ್ಟಿಯೂ ಬೇರೆ. ಹಳದಿಯದು ಇದ್ದದ್ದು ಎರಡೇ ಫೋನಿನಲ್ಲಿ... ಅವಳದರಲ್ಲಿ, ಪರೀಕ್ಷೆಗೆ ನೆರವಾಗಲು ಒಪ್ಪಿದ ಮಲ್ಲೇಶನದರಲ್ಲಿ. ಅದರಲ್ಲಿ ಏನು ಬಂದರೂ ನಂಬಬೇಡಿ ಎಂದು ಅವಳೇ ಅವನಿಗೆ ಹೇಳಿಕೊಟ್ಟಳು.

ಪ್ರತಿ ಶನಿವಾರ ಅವನು ಬಂದು ಎಲ್ಲೆಲ್ಲಿ ತಪ್ಪಿದೆ ಎಂದು ತೋರಿಸುತ್ತಿದ್ದ. ಅಷ್ಟು ಸಿಟ್ಟಲ್ಲಿ ಬಂದವನು ಎಷ್ಟು ಮೆಲ್ಲಗೆ ಮಾತಾಡುತ್ತಾನಲ್ಲ... ಶನಿವಾರಕ್ಕಾಗಿ ಯಾವಾಗ ಕಾಯತೊಡಗಿದಳೋ, ಅವಳಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಅವನಿಗೆ ಪಾವಗಡ ತಾಲ್ಲೂಕಿನ ನಿಡುಗಲ್‌ಗೆ ವರ್ಗವಾಯಿತು.

ಎದುರಿಗೆ ಹೇಳಲಾಗದ್ದನ್ನು ಅವಳು ಹಳದಿ ಆ್ಯಪಿನಲ್ಲಿ ಬರೆದಳು. 'ಈ ಶನಿವಾರ ಬರಲ್ವಾ?' ಮರುವಾರ, 'ನೀವಿಲ್ಲದೆ ಬೇಜಾರು.' ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಅವನ ಮನಸ್ಸಲ್ಲಿ ನಾನಿಲ್ಲವೇನೋ... ಹೀಗೇ ಮೂರು ತಿಂಗಳು ಸವೆದವು. ಕೊನೆಗೊಂದು ಬೆಳಗ್ಗೆ ತಡೆಯಲಾರದೆ ಪಾವಗಡದ ಬಸ್ಸು ಹತ್ತಿಬಿಟ್ಟಳು.

ನಿಡುಗಲ್ ಬೆಟ್ಟದ ಬುಡದಲ್ಲಿ ಮಲ್ಲೇಶ್ ಟಗರೊಂದನ್ನು ಹಿಡಿದು ಸೂಜಿ ಚುಚ್ಚುತ್ತಿದ್ದ. ಅವಳನ್ನು ಕಂಡದ್ದೇ ಹಿಡಿತ ಸಡಿಲಾಯಿತು. ಟಗರು ಓಡಿತು.

"ಯಾಕೆ ಉತ್ತರ ಬರೀಲಿಲ್ಲ?"

"ನಂಬಬೇಡಿ ಅಂದಿದ್ರಲ್ಲ... ಟೆಸ್ಟು ಅನ್ಕೊಂಡೆ. ಆದ್ರೂ ದಿನಾ ತೆಗೆದು ಓದ್ತಿದ್ದೆ. ನಿಜ ಆಗಿದ್ರೆ ಹೆಂಗಿರ್ತಿತ್ತು ಅಂತ."

"ನಿಜವೇ. ನೀವಂದ್ರೆ ನಂಗಿಷ್ಟ, ಮಲ್ಲೇಶ್."

ಅವನು ತಲೆ ತಗ್ಗಿಸಿ ಕೈ ಒರೆಸಿಕೊಂಡ. ಮುಖ ಎತ್ತಿದಾಗ ಕಣ್ಣುಗಳು ಒದ್ದೆಯಾಗಿದ್ದವು.

"ನಂಗೂ ಕಣ್ರೀ. ಹೇಳೋಕೆ ಧೈರ್ಯ ಸಾಲ್ಲಿಲ್ಲ."

ಅವನು ಸೂಜಿಯನ್ನು ಡಬ್ಬಿಯಲ್ಲಿಟ್ಟು ಕೇಳಿದ.

"ವಾಪಸ್ ಬಸ್ಸು ಎಷ್ಟೊತ್ತಿಗೆ?"

"ನಾಲ್ಕೂವರೆಗೆ."

"ಅದು ಹೋಗ್ಲಿ ಬುಡಿ. ಮಧುಗಿರಿ ತನಕ ಬೈಕಲ್ಲಿ ನಾನೇ ಬುಟ್ಟು ಬತ್ತೀನಿ."

ಅವಳು ನಕ್ಕಳು. "ನಿಧಾನಕ್ಕೆ ಓಡಿಸ್ತೀರಾ?"